ನಮ್ಮ ಕಣದಲ್ಲಿ ದುರ್ಬೀನು ಕೂಡಿಸಿದವರು

ದೊಡ್ಡ ಶಹರದ ವೇಧಶಾಲೆಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಲ್ಲಿ ಗುಮ್ಮಟದೊಳಗೆ ಮನೆಯಷ್ಟು ದೊಡ್ಡ ದುರ್ಬೀನು ಇದೆಯಂತೆ, ಆಕಾಶವನ್ನು ತುಂಡು ತುಂಡಾಗಿ ಗಾಜಿನ ಮೇಲೆ ಫೋಟೋ ಹಿಡಿಯುತ್ತಾರಂತೆ. ಹಿಡಿಯಲಿ, ಬೇಡ ಅಂದವರು ಯಾರು? ಆದರೆ ಶಹರದಲ್ಲಿ ಹೊಗೆ, ದೀಪ ಜಾಸ್ತಿಯಾದವೆಂದು ಹೊಸ ಜಾಗ ಹುಡುಕುತ್ತ ನಮ್ಮ ಕಡೆ ಬಂದರು. ಆಳಂದ ನೋಡಿದರು, ಜೇವರ್ಗಿ ನೋಡಿದರು, ಕೊನೆಗೆ ಅಫಜಲಪುರದ ಬಂಗಲೆಯಲ್ಲಿ ಇಳಿದು, ಗೊಬ್ಬೂರಿನ ಹತ್ತಿರದ ನಮ್ಮ ಹೊಲಕ್ಕೆ ಮೋಟಾರು ತಂದು ನಿಲ್ಲಿಸಿದರು. ಆಗ ಯುದ್ಧದ ಕಾಲ. ನಮ್ಮ ಬುಡ್ಡಿಗೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅವರ ಮೋಟಾರಿಗೆ ಪೆಟ್ರೋಲು ಸಿಗುತ್ತಿತ್ತು.

ಅವರಿಗೆ ಗಿಡಮರವಿಲ್ಲದ, ಗಟ್ಟಿಯಾದ, ಸಪಾಟು ನೆಲ ಬೇಕಿತ್ತು. ನಮ್ಮ ಕರಿ ಭೂಮಿ ಬಿಸಿಲಿಗೆ ಬಿರಿಯುತ್ತದೆ. ಅಂಥ ನೆಲ ಇದ್ದದ್ದು ನಮ್ಮ ಕಣ ಒಂದೇ. ನಾನು, ಅಪ್ಪ ನೀರು ಹೊಡೆದು, ಎತ್ತು ತುಳಿಸಿ, ಸಗಣಿ ಸಾರಿಸಿ ಆಗಷ್ಟೇ ಮಾಡಿದ್ದ ಕಣ. ಪಕ್ಕದಲ್ಲಿ ಜೋಳದ ತೆನೆ ಗುಡ್ಡೆ ಬಿದ್ದಿತ್ತು. ನಮ್ಮ ವರ್ಷದ ರೊಟ್ಟಿ ಅದು. ಕಣದ ನಡುವೆ ಎತ್ತು ಕಟ್ಟಿ ತಿರುಗಿಸಲು ನೆಟ್ಟಿದ್ದ ಮೇಟಿ ಕಂಬವನ್ನು ಅವರು ಕಿತ್ತು ಬಿಸಾಡಿದರು. ಅದೇ ಗುಂಡಿಯಲ್ಲಿ ಕಲ್ಲಿನ ಕಂಬ ನಿಲ್ಲಿಸಿ ಗಚ್ಚು ಹಾಕಿದರು. ಕತ್ತಲಾದರೆ ಅದರ ಮೇಲೆ ಸಣ್ಣ ದುರ್ಬೀನು ಕೂಡಿಸಿ, ನಮ್ಮ ಆಕಾಶ ಎಷ್ಟು ತಿಳಿಯಾಗಿದೆ ಎಂದು ಪರೀಕ್ಷೆ ಮಾಡುತ್ತಿದ್ದರು.

ಧೂಳು ಏಳಬಾರದು, ಬೆಂಕಿ ಹಚ್ಚಬಾರದು, ಎತ್ತು ತರಬಾರದು ಎಂದು ಅವರ ಜೊತೆಗಿದ್ದ ದಫೇದಾರ ಹುಕುಂ ಮಾಡಿದ. ಅಮಾವಾಸ್ಯೆ ದಾಟಿದರೆ ಹೋಗುತ್ತೇವೆ ಅಂದರು. ದಾಟಿತು, ಹೋಗಲಿಲ್ಲ. ಅವ್ವ ಮನೆಯ ಹಿಂದೆ ಒಂದಿಷ್ಟು ತೆನೆ ಬಡಿದು ದಿನದಿನದ ಹಿಟ್ಟು ಮಾಡುತ್ತಿದ್ದಳು.

ಆಮೇಲೆ ಮೋಡ ಬಂತು. ಮೋಡ ಇದ್ದರೆ ಅವರಿಗೆ ಕೆಲಸವಿಲ್ಲ. ಅವರ ದೊಡ್ಡ ಸಾಹೇಬ ದುರ್ಬೀನನ್ನು ಪೆಟ್ಟಿಗೆಗೆ ಹಾಕಿಸಿ ಬಂಗಲೆಗೆ ಹೋಗಿ ಮಲಗಿದ. ನಮಗೆ ಮಲಗಲು ಆಗುತ್ತದೆಯೇ? ತೆನೆ ನೆನೆದರೆ ಮುಗಿಯಿತು. ಬೆಳಿಗ್ಗೆ ಅಪ್ಪ ಎತ್ತು ಹೊಡೆದುಕೊಂಡು ಕಣಕ್ಕೆ ಬಂದ. ಮೇಟಿ ಎಲ್ಲಿ ನೆಡೋದು ಎಂದು ಕೇಳಿದೆ.

"ನೆಟ್ಟೇ ಅದಲ್ಲೋ ತಮ್ಮಾ. ಕಣದ ನಡುವ ನಿಂತದ್ದು ಮೇಟಿನೇ," ಅಂದ.

ಸುಮ್ಮನೆ ಕಟ್ಟಲಿಲ್ಲ. ಕಲ್ಲಿನ ಕಂಬ ತೊಳೆದ, ಎಣ್ಣೆ ಅರಿಶಿನ ಹಚ್ಚಿದ, ತುದಿಗೆ ಬೇವಿನ ಸೊಪ್ಪು, ಜೋಳದ ತೆನೆ ಕಟ್ಟಿ ಕಾಯಿ ಒಡೆದ. ಮೇಟಿಗೆ ಏನೇನು ಮಾಡಬೇಕೋ ಎಲ್ಲ ಮಾಡಿ ಎತ್ತು ಹೂಡಿದ. ಮಧ್ಯಾಹ್ನದ ಹೊತ್ತಿಗೆ ಅರ್ಧ ತೆನೆ ತುಳಿಸಿ, ತೂರಿ, ಚೀಲಕ್ಕೆ ತುಂಬಿದ್ದೆವು.

ಆಗ ಮೋಟಾರು ಬಂತು. ಸಾಹೇಬ ಬೂಟು ಹಾಕಿಕೊಂಡೇ ಕಣದೊಳಗೆ ಬಂದ. ನಾವು ಕಣದಲ್ಲಿ ಮಕ್ಕಳಿಗೂ ಚಪ್ಪಲಿ ಹಾಕಗೊಡುವುದಿಲ್ಲ. ಕಂಬ ಒಂದಿಷ್ಟು ವಾಲಿತ್ತು, ಮೇಲೆ ದುರ್ಬೀನು ಕೂಡಿಸುವ ಹಿತ್ತಾಳೆ ತಟ್ಟೆಗೆ ಅರಿಶಿನ ಮೆತ್ತಿತ್ತು. ಉರ್ದುವಿನಲ್ಲಿ ಬೈಯತೊಡಗಿದ. ಜಾಹಿಲ್, ಜಾನ್ವರ್, ಅಂದರೆ ದಡ್ಡ, ದನ ಅಂದದ್ದು ನನಗೆ ತಿಳಿಯಿತು. ಉರ್ದು ಶಾಲೆಯಲ್ಲಿ ಎರಡು ಇಯತ್ತೆ ಕಲಿತಿದ್ದೇನೆ, ಮಾಸ್ತರು ನಮಗೆ ಹೆಚ್ಚು ಹೇಳುತ್ತಿದ್ದದ್ದು ಆ ಎರಡೇ ಮಾತು.

ಅಪ್ಪ ಕೈ ಮುಗಿದು, "ಪೂಜಿ ಮಾಡೇ ಕಟ್ಟೇನ್ರಿ ಸಾಹೇಬ್ರ," ಅಂದ.

ದಫೇದಾರ ನಕ್ಕ. ನನಗೆ ತಡೆಯಲಾಗಲಿಲ್ಲ. "ಮ್ಯಾಲ ಮೋಡ ಅದರಿ. ನಿಮಗ ಇವತ್ತು ಚಿಕ್ಕಿ ಕಾಣಂಗಿಲ್ಲ. ನಮಗ ಮಳಿ ಕಾಣಾಕತ್ತದ. ಸಂಜಿ ತನಕ ಬಿಡ್ರಿ," ಅಂದೆ.

"ಸರ್ಕಾರದ ಕಂಬ ಅದ ಲೇ, ನಿಮ್ಮಪ್ಪಂದಲ್ಲ," ಅಂದ ದಫೇದಾರ.

"ಕಣ ನಮ್ಮಪ್ಪಂದೇ ಅದರಿ."

ಕಪಾಳಕ್ಕೆ ಬಾರಿಸಿದ. ಎತ್ತು ಬಿಚ್ಚಿಸಿದರು. ಕಂಬಕ್ಕೆ ಮತ್ತೆ ಗಚ್ಚು ಹಾಕಿಸಿ, ಅದು ಒಣಗುವ ತನಕ ಯಾರೂ ಕಾಲಿಡಬಾರದು ಅಂದರು. ಸಂಜೆ ಮಳೆ ಹೊಡೆಯಿತು. ಚೀಲಗಳನ್ನು ಬಂಡಿಯ ಕೆಳಗೆ ಇಟ್ಟು ಉಳಿಸಿಕೊಂಡೆವು. ಉಳಿದ ತೆನೆಗಳ ಮೇಲೆ ಕಣಿಕೆಯ ದಂಟು ಹೊದಿಸಿದೆವು, ಸಾಲಲಿಲ್ಲ. ತೆನೆ ಕಪ್ಪಾಯಿತು.

ಎರಡು ದಿನ ಬಿಟ್ಟು ಸಾಹೇಬ, ಇಲ್ಲಿಯ ಆಕಾಶ ವೇಧಶಾಲೆಗೆ ನಾಲಾಯಕ್ಕು ಎಂದು ಹೇಳಿ ಸಾಮಾನು ಕಟ್ಟಿಸಿದ. ಅಷ್ಟೇ. ಕಪ್ಪಾದ ತೆನೆಯ ಕಡೆ ತಿರುಗಿಯೂ ನೋಡಲಿಲ್ಲ.

ರಾಶಿ ಆದ ಮೇಲೆ ಬಡಿಗ, ಕಂಬಾರ, ಭಿಕ್ಷೆಯವನು, ಕಣಕ್ಕೆ ಬಂದ ಯಾರೇ ಇರಲಿ, ಒಂದು ಮೊರ ಜೋಳ ಕೊಟ್ಟು ಕಳಿಸುವುದು ನಮ್ಮ ಪದ್ಧತಿ. ಅಪ್ಪ ಚೀಲ ಬಿಚ್ಚಿ ಮೊರ ತುಂಬಿಕೊಂಡು ಮೋಟಾರಿನ ಕಡೆ ಹೊರಟ. ನಾನು ಅಡ್ಡ ನಿಂತೆ.

"ಕಣಕ್ಕ ಬಂದಾರ, ಬರಿಗೈಲೆ ಕಳಸಬಾರದು. ಬಿಡು," ಅಂದ.

ಬಿಡಲಿಲ್ಲ. ಮೊರ ಕಿತ್ತುಕೊಂಡು ಜೋಳವನ್ನು ವಾಪಸು ಚೀಲಕ್ಕೆ ಸುರಿದೆ. ಮೋಟಾರು ಹೋಯಿತು. ಯುಗಾದಿಯ ತನಕ ಅಪ್ಪ ನನ್ನ ಜೊತೆ ಮಾತಾಡಲಿಲ್ಲ, ಏನಿದ್ದರೂ ಅವ್ವನ ಮುಂದೆ ಹೇಳುತ್ತಿದ್ದ. ನಾನು ಮಾಡಿದ್ದು ಸರಿ. ಕಪ್ಪಾದ ಜೋಳದ ರೊಟ್ಟಿ ಕಹಿ ಇರುತ್ತದೆ. ಚೀಲದ ಜೋಳ ತೀರಿದ ಮೇಲೆ ಆ ವರ್ಷ ದೀಪಾವಳಿಯ ತನಕ ಅದನ್ನೇ ತಿಂದೆವು. ಆ ಒಂದು ಮೊರ ಬಿಳಿ ಜೋಳವಾದರೂ ನಮ್ಮ ಹೊಟ್ಟೆಗೇ ಬಿತ್ತು.