ಗುಮ್ಮನ ಹೊಸ ಪೆಟ್ಟಿಗೆ

ಬಾಗಿಲು ಮಾಡುವ ಆ ಬಡಗಿಗೆ ಬೀದಿಯವರು ಇಟ್ಟ ಹೆಸರು ಸಂದಿನ ಮೇಸ್ತ್ರಿ. ನಲವತ್ತು ವರ್ಷದಿಂದ ಅವನ ಬಾಯಲ್ಲಿ ಒಂದೇ ಪಾಠ. ಮರ ಕಡಿದ ಮೇಲೂ ಉಸಿರಾಡುತ್ತದೆ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೊರಗುತ್ತದೆ. ಆದ್ದರಿಂದ ಚೌಕಟ್ಟಿನಲ್ಲಿ ಉದ್ದಕ್ಕೆ ಗೀರು ತೋಡಿ ಹಲಗೆಯನ್ನು ಅದರೊಳಗೆ ಸುಮ್ಮನೆ ಕೂರಿಸಬೇಕು, ಅಂಟು ಹಚ್ಚಬಾರದು, ಕೂದಲೆಳೆಯಷ್ಟು ಸಂದು ಬಿಡಬೇಕು. ಬಾಗಿಲು ಮಾಡಿಸಲು ಬಂದವರಿಗೆಲ್ಲ ಇದನ್ನು ಒಪ್ಪಿಸಿ, ಕೊನೆಗೆ "ಸಂಸಾರಕ್ಕೂ ಅಷ್ಟೇ ಸ್ವಾಮಿ, ಸ್ವಲ್ಪ ಸಂದು ಬಿಟ್ರೆ ಬಾಳಿಕೆ ಬರುತ್ತೆ" ಎಂದು ಸೇರಿಸುತ್ತಿದ್ದ. ಅವನ ಹೆಂಡತಿಯನ್ನು ಕೇಳಿದರೆ ಬೇರೆ ಅರ್ಥ ಸಿಗುತ್ತಿತ್ತು. ಬಾಯಿಬಿಟ್ಟು ಹೇಳಬೇಕಾದ್ದನ್ನು ಹೇಳದೆ ನುಂಗಿಕೊಳ್ಳುವುದಕ್ಕೆ ಈ ಮನುಷ್ಯ ಇಟ್ಟುಕೊಂಡಿರುವ ಮರ್ಯಾದೆಯ ಹೆಸರು ಅದು ಎಂದು ಆಕೆ ಹೇಳುತ್ತಿದ್ದಳು.

ಆಕೆ ಇಪ್ಪತ್ತಾರು ವರ್ಷ ಬಟ್ಟೆಯ ಮಿಲ್ಲಿನಲ್ಲಿ ಮಗ್ಗಗಳ ನಡುವೆ ನಿಂತು ದುಡಿದವಳು. ಅಲ್ಲಿನ ಸದ್ದು ಕಿವಿಯನ್ನು ದಿನಕ್ಕಿಷ್ಟು ತಿಂದುಕೊಂಡು ಬಂತು. ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಫೋನಿನಲ್ಲಿ ಮಗಳ ಮಾತು. ಎದುರಿಗಿದ್ದವರ ಮಾತನ್ನು ತುಟಿ ನೋಡಿಯೇ ತಿಳಿಯತೊಡಗಿದಳು. ಕುಕ್ಕರಿನ ಸೀಟಿ ಕೇಳಿಸದೆ ಅನ್ನ ತಳ ಹಿಡಿದು ಮನೆಯೆಲ್ಲ ಹೊಗೆಯಾದ ದಿನ, ಆಕೆ ಅಡುಗೆಮನೆಯ ಮೂಲೆಯಲ್ಲಿ ಕೂತು ಬಿಟ್ಟಳು. ಒಂದು ತಿಂಗಳು ಮಾತೇ ಆಡಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದಳು, ಮಲಗು ಅಂದರೆ ಮಲಗುತ್ತಿದ್ದಳು. ಆ ತಿಂಗಳನ್ನು ನೆನೆದರೆ ಮೇಸ್ತ್ರಿಗೆ ಈಗಲೂ ಭಯ. ಕಿವಿಯ ಡಾಕ್ಟರು, "ಸಣ್ಣ ದನಿ ಎಲ್ಲ ಹೋಗಿದೆ. ಗುಡುಗಿನಂಥ ದಪ್ಪ ಸದ್ದು ಮಾತ್ರ ಉಳಿದಿದೆ. ಅದು ಎಷ್ಟು ದಿನ ಇರುತ್ತೆ ಅಂತ ಹೇಳೋಕಾಗಲ್ಲ" ಎಂದಿದ್ದರು.

ಆ ಉಳಿದದ್ದನ್ನು ಕಾಪಾಡಿಕೊಂಡು ಬಂದದ್ದು ಗುಮ್ಮ. ಟಿವಿ ರಿಪೇರಿಯ ಅಂಗಡಿ ಇಟ್ಟಿದ್ದ ಭಾಮೈದ, ಅಂದರೆ ಹೆಂಡತಿಯ ತಮ್ಮ, ಕೆಲವು ವರ್ಷಗಳ ಹಿಂದೆ ಇವರ ಮನೆಗೆ ಒಂದು ಹೋಮ್ ಥಿಯೇಟರ್ ಹಾಕಿಕೊಟ್ಟಿದ್ದ. ಗೋಡೆಯ ಮೇಲೆ ಐದು ಪುಟ್ಟ ಸ್ಪೀಕರು, ಮೂಲೆಯಲ್ಲಿ ಆಕೆ ಕೂರುವ ಕುರ್ಚಿಯ ಮುಂದೆ ನೆಲದ ಮೇಲೆ ಒಂದು ಕರಿ ಡಬ್ಬ. ಅವನು ಅದನ್ನು ಸಬ್‌ವೂಫರ್ ಎನ್ನುತ್ತಿದ್ದ. ಮೂಲೆಯಲ್ಲಿ ಕೂತು ಗುಂ ಎನ್ನುವುದರಿಂದ ಆಕೆ ಗುಮ್ಮ ಎಂದಳು, ಅದೇ ನಿಂತಿತು. ಒಂದು ಸಂಜೆ ಆಕೆ ಬರಿಗಾಲನ್ನು ಅದರ ಮೇಲೆ ಚಾಚಿ ಕೂತಿದ್ದವಳು ಇದ್ದಕ್ಕಿದ್ದಂತೆ "ರೈಲು ಬರ್ತಿದೆ" ಎಂದಳು. ಪರದೆಯ ಮೇಲೆ ರೈಲು ಇನ್ನೂ ಕಾಣಿಸಿಕೊಂಡಿರಲಿಲ್ಲ. ಅಂದಿನಿಂದ ದಿನಾ ಸಂಜೆ ಐದಕ್ಕೆ ಇಬ್ಬರೂ ಅರ್ಧ ಸಿನಿಮಾ ನೋಡುವುದು ಮನೆಯ ಕಟ್ಟಳೆಯಾಯಿತು. ರೈಲು, ಕುದುರೆ, ಫಿರಂಗಿ, ಎಲ್ಲವನ್ನೂ ಆಕೆಯೇ ಮೊದಲು ಹೇಳುವುದು, ಅವನು ಸೋತವನಂತೆ ತಲೆಯಾಡಿಸುವುದು.

ಹೀಗಿರುವಾಗ ಒಂದು ಸಂಜೆ ಸಿನಿಮಾದಲ್ಲಿ ಬಿರುಗಾಳಿ ಎದ್ದಿತು. ಗುಡುಗು ಯಾಕೋ ತಗಡು ಬಡಿದ ಹಾಗೆ ತೆಳ್ಳಗೆ ಕೇಳಿಸಿತು. ಮೇಸ್ತ್ರಿ ವೈರು ಸಡಿಲವಾಗಿರಬೇಕೆಂದು ಬಗ್ಗಿ ಗುಮ್ಮನ ಮೈಮೇಲೆ ಕೈಯಿಟ್ಟ. ಕಲ್ಲಿನ ಹಾಗೆ ಅಲ್ಲಾಡದೆ ಕೂತಿತ್ತು. ಹಿಂದಿನ ತೂತಿನಿಂದ ಸುಟ್ಟ ವಾಸನೆ. ಪೆಟ್ಟಿಗೆ ಸತ್ತಿತ್ತು. ಅದನ್ನು ಹೇಳೋಣವೆಂದು ತಲೆಯೆತ್ತಿದರೆ, ಪರದೆಯ ಮೇಲೆ ಮಿಂಚು ಹೊಡೆಯಿತು. ಎರಡೂ ಕಾಲು ಆ ಸತ್ತ ಪೆಟ್ಟಿಗೆಯ ಮೇಲಿಟ್ಟುಕೊಂಡ ಹೆಂಡತಿ ಮುಗುಳ್ನಕ್ಕು ಹೇಳಿದಳು: "ಗುಡುಗು ಜೋರಾಗಿದೆ ಅಲ್ವಾ?"

ಅವನು ಪೆಟ್ಟಿಗೆಯಿಂದ ಕೈ ತೆಗೆದ. "ಹೂಂ, ಜೋರು" ಎಂದ.

ಹಾಗಾದರೆ ಇವಳು ಚಿತ್ರ ನೋಡಿ ಹೇಳುತ್ತಿದ್ದಾಳೆ. ಎಷ್ಟು ದಿನದಿಂದ? ನಿನ್ನೆಯಿಂದಲೋ, ವರ್ಷದಿಂದಲೋ? ದಪ್ಪ ಸದ್ದೂ ಹೋಯಿತೆಂದರೆ ಇನ್ನೇನು ಉಳಿಯಿತು? ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಸುಳ್ಳು ಬಯಲಾಗುತ್ತದೆ, ಅವಳಿಗೆ ಅವಮಾನವಾಗುತ್ತದೆ, ಆ ಅಡುಗೆಮನೆಯ ಮೂಲೆ ಮತ್ತೆ ಬರುತ್ತದೆ. ಬಾಗಿಲ ವಿಷಯದಲ್ಲಿ ಮಾತಿನ ಮಲ್ಲನಾದ ಈ ಮನುಷ್ಯ ಹೆಂಡತಿಯ ವಿಷಯದಲ್ಲಿ ಬಾಯಿಗೆ ಅಗುಳಿ ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ಆಕೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಭಾಮೈದ ಬಂದು ಪೆಟ್ಟಿಗೆಯ ಹಿಂಬದಿ ಬಿಚ್ಚಿದ.

"ಮುಗೀತು ಭಾವ. ಕಾಯಿಲ್ ಸುಟ್ಟಿದೆ, ಬೋರ್ಡೂ ಕರಕಲಾಗಿದೆ. ಈ ಮಾಡೆಲ್ ಈಗ ಬರಲ್ಲ."

"ಬೇರೆ ದಾರಿ?"

"ನಾವೇ ಮಾಡೋಣ. ಸ್ಪೀಕರು, ಬೋರ್ಡು ನಾನು ತರ್ತೀನಿ. ಪೆಟ್ಟಿಗೆ ನಿಮ್ಮದು. ಮನೇಲೇ ಬಡಗಿ ಇಟ್ಕೊಂಡು ಡಬ್ಬಕ್ಕೆ ಊರೆಲ್ಲ ಹುಡುಕ್ತಾರಾ?" ಎಂದು ಚೀಟಿಯಲ್ಲಿ ಅಳತೆ, ಸೂಚನೆ ಬರೆದುಕೊಟ್ಟು, ತಾರಸಿಯ ಕಡೆ ಕಣ್ಣು ಹಾಯಿಸಿ ಕೇಳಿದ: "ಅಕ್ಕನಿಗೆ ಹೇಳಿದೀರ ತಾನೆ?"

"ಹೇಳ್ತೀನಿ" ಎಂದ ಮೇಸ್ತ್ರಿ. ಹೇಳಲಿಲ್ಲ.

ಅಂದಿನಿಂದ ಸಂಜೆ ಐದಾಯಿತೆಂದರೆ ಅವನಿಗೆ ಶಿಕ್ಷೆ. ಸತ್ತ ಗುಮ್ಮನ ಮುಂದೆ ಇಬ್ಬರೂ ಕೂರಬೇಕು. ಆಕೆ "ಕುದುರೆ ಬಂತು" ಅನ್ನಬೇಕು, ಇವನು ತಲೆಯಾಡಿಸಬೇಕು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಇಲ್ಲಿ ಕಳ್ಳರು ಇಬ್ಬರಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೂರನೆಯ ದಿನ ಆಕೆ ಮನೆಯೊಳಗೂ ಚಪ್ಪಲಿ ಹಾಕಿಕೊಂಡು ಓಡಾಡತೊಡಗಿದಳು. ಯಾಕೆಂದು ಕೇಳಿದರೆ "ನೆಲ ತಣ್ಣಗಿದೆ" ಎಂದಳು. ಸುಡುವ ಬಿಸಿಲಿನ ದಿನ ಅದು. ಅವನು ಅದನ್ನೂ ನುಂಗಿಕೊಂಡ.

ಕೆಲಸದ ಕೊಟ್ಟಿಗೆಯಲ್ಲಿ ಮಾತ್ರ ಅವನಿಗೆ ಸ್ವಲ್ಪ ಸಮಾಧಾನ. ಒಂದು ದೊಡ್ಡ ಬಾಗಿಲಿನ ಕೆಲಸದಲ್ಲಿ ಉಳಿದ ಸಾಗುವಾನಿ ತುಂಡುಗಳಿದ್ದವು. ಭಾಮೈದ ಪ್ಲೈವುಡ್ ಸಾಕು ಎಂದಿದ್ದ, ಆದರೆ ಹೆಂಡತಿ ಕಾಲಿಡುವ ಪೆಟ್ಟಿಗೆಗೆ ಪ್ಲೈವುಡ್ಡೇ? ಆರು ಬದಿಗೂ ಚೌಕಟ್ಟು ಕಟ್ಟಿದ, ಗೀರು ತೋಡಿದ, ಹಲಗೆ ಹೆರೆದು ಒಳಗೆ ಕೂರಿಸಿದ. ಸ್ಪೀಕರಿಗೆ ದುಂಡನೆಯ ತೂತು ಕೊರೆಯುವಾಗ ಮಾತ್ರ ಬೆವರಿದ. ಜೀವಮಾನವೆಲ್ಲ ನೇರ ಗೆರೆ ಎಳೆದ ಕೈಗೆ ದುಂಡು ಒಗ್ಗಲಿಲ್ಲ, ಎರಡು ಹಲಗೆ ಹಾಳಾದವು. ಮೂರನೆಯದು ದಕ್ಕಿತು. ಮೂಲೆ ಮೂಲೆ ಉಜ್ಜಿ, ಅಂಗಾಲಿಗೆ ಚುಚ್ಚದಂತೆ ಅಂಚು ಗುಂಡಗೆ ಮಾಡಿದ. ಕೆಲಸ ಮುಗಿಯುತ್ತ ಬಂದಂತೆಲ್ಲ ಹೆದರಿಕೆ ಹೆಚ್ಚಾಯಿತು. ಪೆಟ್ಟಿಗೆ ಇಲ್ಲದಿರುವವರೆಗೆ ಅವಳಿಗೆ ಕೇಳುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಪೆಟ್ಟಿಗೆ ಬಂದಮೇಲೆ ಗೊತ್ತಾಗಿಬಿಡುತ್ತದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಭಾಮೈದ ಕೊಟ್ಟಿಗೆಗೆ ಬಂದು ಸ್ಪೀಕರು, ಬೋರ್ಡು ಕೂರಿಸಿ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಓಡಿದ. ಮೇಸ್ತ್ರಿ ಪೆಟ್ಟಿಗೆ ಹೊತ್ತು ತಂದು ಹಳೆಯದರ ಜಾಗದಲ್ಲಿಟ್ಟ.

"ಇದೇನು?" ಎಂದಳು ಹೆಂಡತಿ.

"ಹಳೇ ಪೆಟ್ಟಿಗೆಗೆ ಹುಳ ಹಿಡಿದಿತ್ತು. ಹೊಸದು ಮಾಡಿದೆ."

ಆಕೆ ಪೆಟ್ಟಿಗೆಯನ್ನೂ ಅವನನ್ನೂ ನೋಡಿದಳು. ಏನೂ ಕೇಳದೆ ಕೂತು, ಚಪ್ಪಲಿ ಕಳಚಿ, ಪರೀಕ್ಷೆಗೆ ಕೂತವಳ ಹಾಗೆ ಬಿಗಿದ ಮುಖದಲ್ಲಿ ಎರಡೂ ಕಾಲು ಮೇಲಿಟ್ಟಳು. ಅವನು ರೈಲಿನ ಸಿನಿಮಾ ಹಾಕಿದ. ಖಾಲಿ ಹಳಿ. ಪೆಟ್ಟಿಗೆಯಿಂದ ಸದ್ದು ಬರುತ್ತಿತ್ತು, ಅವನ ಕಿವಿಗೇ ಕೇಳುತ್ತಿತ್ತು. ಅವನು ಒಂದು ಕಣ್ಣು ಪರದೆಯ ಮೇಲಿಟ್ಟು ಅವಳ ಕಾಲ್ಬೆರಳು ನೋಡುತ್ತಿದ್ದ. ರೈಲು ಪರದೆಯ ಅರ್ಧ ತುಂಬಿತು.

"ಬಂತು, ರೈಲು" ಎಂದಳು ಆಕೆ, ಆಗ.

ಆಮೇಲೆ ಕಾಲು ಇಳಿಸಿ, ಚಪ್ಪಲಿ ಮೆಟ್ಟಿ, "ಚೆನ್ನಾಗಿದೆ ಪೆಟ್ಟಿಗೆ" ಎಂದು ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಯ ಸದ್ದಾಗಲಿ ನಲ್ಲಿಯ ಸದ್ದಾಗಲಿ ಬರಲಿಲ್ಲ. ಹೋಗಿಬಿಟ್ಟಿತು, ಎಲ್ಲ ಹೋಗಿಬಿಟ್ಟಿತು ಎಂದು ಮೇಸ್ತ್ರಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಹಿಂದೆ ಪರದೆಯಲ್ಲಿ ರೈಲು ಹೋಗುತ್ತಲೇ ಇತ್ತು.

ಎಷ್ಟು ಹೊತ್ತು ಕೂತನೋ. ತಲೆ ತಗ್ಗಿಸಿಕೊಂಡಿದ್ದವನ ಕಣ್ಣಿಗೆ ನೆಲದ ಮೇಲೆ ಏನೋ ಬಿತ್ತು. ಪೆಟ್ಟಿಗೆಯ ಸುತ್ತ ಮರದ ಹೊಟ್ಟಿನ ಒಂದು ಸಣ್ಣ ಸಾಲು. ಇಡುವಾಗ ಒರೆಸಿಯೇ ಇಟ್ಟಿದ್ದ. ಹತ್ತಿರ ಸರಿದು ನೋಡುತ್ತಿದ್ದಂತೆ, ರೈಲಿನ ಒಂದೊಂದು ಗುಡುಗಿಗೂ ಚೌಕಟ್ಟಿನ ಗೀರಿನಿಂದ ಚಿಟಿಕೆ ಚಿಟಿಕೆ ಹೊಟ್ಟು ಹೊರಗೆ ಹಾರಿತು. ಬೆರಳು ಹಿಡಿದ. ಗಾಳಿ. ಅವನು ನಲವತ್ತು ವರ್ಷ ಬಿಟ್ಟುಕೊಂಡು ಬಂದ ಸಂದಿನಿಂದ ಗಾಳಿ ಫುಸ್ ಫುಸ್ ಎಂದು ಬರುತ್ತಿತ್ತು.

ಭಾಮೈದನಿಗೆ ಫೋನು ಮಾಡಿದ. "ಪೆಟ್ಟಿಗೆಯಿಂದ ಗಾಳಿ ಬಂದ್ರೆ ಏನಾದ್ರೂ ತೊಂದರೆನಾ?"

"ಭಾವ, ಗಾಳಿ ಆಡಬಾರದು ಅಂತ ಚೀಟೀಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ನಲ್ಲ. ಗಾಳಿ ಹೊರಗೆ ಹೋದ್ರೆ ದಪ್ಪ ಸದ್ದು ಎಲ್ಲಿಂದ ಬರುತ್ತೆ? ನಿಮ್ಮ ಕೈಲಿ ಮಾಡಿದ್ದು ಅಂತ ನಾನೂ ನೋಡ್ಲಿಲ್ಲ. ಹಲಗೆಗೆ ಅಂಟು ಹಾಕಿದೀರಾ?"

"ಹಲಗೆಗೆ ಯಾರಾದ್ರೂ ಅಂಟು ಹಾಕ್ತಾರೇನೋ?"

"ಬಾಗಿಲಿಗೆ ಹಾಕಲ್ಲ ಭಾವ. ಇದು ಬಾಗಿಲಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು. ಗಾಳಿ ಆಡಬಾರದು ಎಂಬುದನ್ನು ಈ ಮಹರಾಯ, ಬಾಗಿಲು ಮುಚ್ಚಿದರೆ ಚಳಿಗಾಳಿ ಬರಬಾರದು ಅನ್ನುತ್ತಾರಲ್ಲ, ಅಷ್ಟೇ ಎಂದು ಓದಿಕೊಂಡಿದ್ದ. ಪೆಟ್ಟಿಗೆಯನ್ನು ತಿರುಗಿ ಕೊಟ್ಟಿಗೆಗೆ ಹೊತ್ತು, ಸ್ಪೀಕರು ಬಿಚ್ಚಿ, ತೂತಿನೊಳಗೆ ಕೈಯಿಳಿಸಿ, ಗೀರು ಗೀರಿಗೂ ಬೆರಳಿನಿಂದ ಅಂಟು ತುಂಬಿದ. ತನಗೆ ಕೆಲಸ ಕಲಿಸಿದ ಗುರು ಇದ್ದಿದ್ದರೆ ಆ ಬೆರಳಿಗೆ ಕೊಡತಿಯಿಂದ ಹೊಡೆಯುತ್ತಿದ್ದ. ಕ್ಲ್ಯಾಂಪ್ ಬಿಗಿದು ಒಂದು ದಿನ ಒಣಗಲು ಬಿಡಬೇಕು. ಆ ಒಂದು ದಿನ ಹೇಗೆ ಕಳೆಯಿತೆಂದು ಅವನನ್ನೇ ಕೇಳಬೇಕು. ಹೆಂಡತಿ ಆ ಸಂಜೆ "ಸಿನಿಮಾ ಬೇಡ, ತಲೆನೋವು" ಎಂದಳು. ಮಾರನೆಯ ಬೆಳಿಗ್ಗೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನಕ್ಕೆ ಅಡುಗೆಮನೆಯ ಆ ಮೂಲೆಯಲ್ಲಿ ಕೂತಿದ್ದಳು. ಅಂಟು ಪೂರ್ತಿ ಒಣಗಿಲ್ಲ ಎಂದು ಗೊತ್ತಿದ್ದರಿಂದ ಮೇಸ್ತ್ರಿ ಹಲ್ಲು ಕಚ್ಚಿ ಕಾದ. ಇನ್ನೊಂದು ಸಲ ಸೋತರೆ ನೆಪಕ್ಕೆ ಸಂದೂ ಇರುವುದಿಲ್ಲ.

ಐದು ಗಂಟೆಗೆ ಅವನು ಪೆಟ್ಟಿಗೆ ತಂದು ಜೋಡಿಸಿದ. ಆಕೆಯನ್ನು ಕರೆಯಲು ಧೈರ್ಯವಾಗಲಿಲ್ಲ. ಮೊದಲು ತಾನೇ ನೋಡೋಣವೆಂದು ರೈಲು ಹಾಕಿ, ಗೀರಿನ ಉದ್ದಕ್ಕೂ ಬೆರಳು ಓಡಿಸಿದ. ಗಾಳಿಯಿಲ್ಲ. ಕಿಟಕಿಯ ಗಾಜು ಝುಂ ಎಂದಿತು. ಅದೇ ಹೊತ್ತಿಗೆ ಹಿಂದೆ ಏನೋ ಕಿಣಿಕಿಣಿ ಸದ್ದಾಯಿತು. ತಿರುಗಿದರೆ, ಎರಡು ಲೋಟ ಚಹಾ ಇಟ್ಟ ತಟ್ಟೆ ಹಿಡಿದು ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಟಿವಿಯ ಕಡೆ ನೋಡುತ್ತಿರಲಿಲ್ಲ. ತಟ್ಟೆಯನ್ನು ನೋಡುತ್ತಿದ್ದಳು. ಗುಮ್ಮನ ಸದ್ದಿಗೆ ಲೋಟಗಳು ಒಂದಕ್ಕೊಂದು ತಾಗಿ ನಡುಗುತ್ತಿದ್ದವು.

ಆಕೆ ತಟ್ಟೆಯನ್ನು ನೆಲಕ್ಕಿಟ್ಟಳು. ಒಂದು ಚಪ್ಪಲಿ ಕಳಚಿದಳು, ಸ್ವಲ್ಪ ತಡೆದು ಇನ್ನೊಂದು. ಬರಿಗಾಲನ್ನು ನೆಲಕ್ಕೆ ಊರಿ ಹಾಗೇ ನಿಂತಳು. ಕಣ್ಣಲ್ಲಿ ನೀರು ತುಂಬಿತು.

"ಕೇಳ್ತಿದೆ" ಎಂದಳು.

ಮೇಸ್ತ್ರಿ ಅವಳ ಮುಖಕ್ಕೆ ನೇರ ನಿಂತು, ತುಟಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ. "ಗುಮ್ಮ ಸುಟ್ಟು ಹೋಗಿತ್ತು. ನಿನ್ನ ಕಿವಿಗೆ ಏನೂ ಆಗಿಲ್ಲ. ನಿನ್ನೆ ಕೇಳಿಸದಿದ್ದದ್ದು ನನ್ನ ಪೆಟ್ಟಿಗೆಯ ತಪ್ಪು."

"ಯಾವತ್ತು ಸುಟ್ಟಿದ್ದು?"

"ಆ ಗುಡುಗಿನ ದಿನ."

ಆಕೆ ಬೆರಳು ಮಡಿಸಿ ಎಣಿಸಿದಳು. "ಹನ್ನೆರಡು ದಿನ. ಹನ್ನೆರಡು ದಿನ ನನ್ನ ಕಿವಿ ಪೂರ್ತಿ ಹೋಯ್ತು ಅಂದ್ಕೊಂಡು ಇದೀನಿ. ನೀವು ಹೆದರ್ತೀರ ಅಂತ ಗುಡುಗು ಜೋರು ಅಂದೆ. ನೀವೂ ಹೂಂ ಅಂದ್ರಿ. ಅಂದ್ರೆ ಎಲ್ಲರಿಗೂ ಕೇಳ್ತಿದೆ, ನನಗೆ ಮಾತ್ರ ಇಲ್ಲ ಅಂತ ಆಯ್ತು."

ತಾನು ಹೆದರುತ್ತಿದ್ದುದನ್ನೇ ಮೇಸ್ತ್ರಿ ಅವಳಿಗೆ ಕೊಟ್ಟಿದ್ದ, ಒಂದು ಹೂಂ ಅಂದು.

"ಬೀದೀಲಿ ಲಾರಿ ಹೋದಾಗಾದ್ರೂ ಕಾಲಿಗೆ ತಿಳೀತಿತ್ತಲ್ಲ" ಎಂದ.

"ಅದಕ್ಕೇ ಚಪ್ಪಲಿ ಹಾಕ್ಕೊಂಡೆ. ಅದೂ ತಿಳೀದೆ ಹೋದ್ರೆ ಏನು ಮಾಡ್ಲಿ?" ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಹುಳ ಹಿಡಿದಿತ್ತಂತೆ. ಆ ಹಳೇ ಡಬ್ಬ ಮರಾನೇ ಅಲ್ಲ, ಪುಡಿ ಒತ್ತಿ ಮಾಡಿದ ಹಲಗೆ. ಮೇಸ್ತ್ರಿ ಹೆಂಡತಿಗೆ ಅಷ್ಟೂ ಗೊತ್ತಾಗಲ್ವಾ? ನನಗೆ ಕೇಳಿಸಲ್ಲ ಅಂತ ನಿಮಗೆ ತಿಳಿದು, ನನಗೋಸ್ಕರ ಜೋರಾಗಿರೋದು ಮಾಡಿದೀರ ಅಂದ್ಕೊಂಡೆ. ಅದರಲ್ಲೂ ಕೇಳಿಸಲಿಲ್ಲ. ನಿನ್ನೆಯಿಂದ ನಾನು ಹೇಗಿದೀನಿ ಅಂತ ನಿಮಗೆ ಗೊತ್ತಾ?"

"ತಪ್ಪಾಯ್ತು" ಎಂದ ಮೇಸ್ತ್ರಿ. "ಕೇಳ್ಬೇಕಿತ್ತು. ಹೆದರಿಬಿಟ್ಟೆ."

"ಇನ್ಮೇಲೆ ಏನು ಕೆಟ್ಟರೂ ಹೇಳ್ಬೇಕು. ಗುಮ್ಮ ಕೆಟ್ಟರೂ ಸರಿ, ನಾನು ಕೆಟ್ಟರೂ ಸರಿ."

"ನೀನೂ ಹೇಳ್ಬೇಕು."

"ಹೇಳ್ತೀನಿ."

ಚಹಾ ತಣ್ಣಗಾಗಿತ್ತು. ಇಬ್ಬರೂ ಅದನ್ನೇ ಕುಡಿದರು. ಆಮೇಲೆ ಆಕೆ ತನ್ನ ಜಾಗದಲ್ಲಿ ಕೂತು, ಗುಂಡಗೆ ಉಜ್ಜಿದ ಅಂಚಿನ ಮೇಲೆ ಅಂಗಾಲು ಒರಗಿಸಿ, "ಮೊದಲಿಂದ ಹಾಕಿ" ಎಂದಳು. ಅವನು ಹಾಕಿದ. ಆಕೆ ಕಣ್ಣು ಮುಚ್ಚಿಕೊಂಡಳು. ಮೇಸ್ತ್ರಿ ಅವಳ ಪಕ್ಕ ಕೂತ.

"ಬಂತು" ಎಂದಳು.

ಅವನು ಪರದೆಯ ಕಡೆ ನೋಡಿದ. ಅಲ್ಲಿ ಇನ್ನೂ ಖಾಲಿ ಹಳಿ ಮಾತ್ರ ಇತ್ತು.