ಕಾಟಾಕ್ಕೆ ಕೊಂಡ ಮದರ್‌ಬೋರ್ಡು

ಆಲೂರಿಂದ ಆದೋನಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಕಾಟಾ ಇದೆ. ಹತ್ತಿ ತುಂಬಿದ ಟ್ರ್ಯಾಕ್ಟರು, ಲಾರಿಗಳನ್ನು ನಿಲ್ಲಿಸಿ ತೂಗುವುದು ಅದರ ಕೆಲಸ. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಅಲ್ಲಿನ ಕುರ್ಚಿಯಲ್ಲಿ ನಾನು ಕೂರತೊಡಗಿದೆ. ದೊಡ್ಡಪ್ಪನಿಗೆ ಇದು ಸರಿಬರಲಿಲ್ಲ. "ಹೆಣ್ಮಗಳು ಡ್ರೈವರ್‌ಗಳ ಜೋಡಿ ಏಗಂಗಿಲ್ಲ, ಕಾಟಾ ನನಗ ಗುತ್ತಿಗಿ ಕೊಡು," ಎಂದು ಅಪ್ಪನ ಬೆನ್ನು ಬಿದ್ದಿದ್ದ. ಅಪ್ಪ ಅತ್ತ ಹೂಂ ಅನ್ನಲಿಲ್ಲ, ಇತ್ತ ಊಹೂಂ ಅನ್ನಲಿಲ್ಲ. "ಹತ್ತಿ ಬರೂದ್ರಾಗ ಕಾಟಾ ನಡದ್ರ ನಿಂದು, ನಿಂತ್ರ ನಿಮ್ಮ ದೊಡ್ಡಪ್ಪಂದು," ಎಂದು ನನಗೆ ಹೇಳಿಬಿಟ್ಟ.

ಹತ್ತಿ ಬರುವ ಮೊದಲೇ, ತೂಕ ತೋರಿಸಿ ಚೀಟಿ ಕೊಡುವ ಕಂಪ್ಯೂಟರು ಕೈಕೊಟ್ಟಿತು. ಪಕ್ಕದ ಮಿಲ್ಲಿನ ಅರಳೆ ಹಾರಿಬಂದು ನಮ್ಮಲ್ಲಿ ಎಲ್ಲದರ ಮೇಲೂ ಕೂರುತ್ತದೆ. ಅದಕ್ಕೆಂದು ಅವ್ವ ಹಳೆಯ ಸೀರೆಗಳಿಂದ ಕಂಪ್ಯೂಟರಿಗೊಂದು ಕೌದಿ ಹೊಲಿದಿದ್ದಳು. ನಾನು ಚಿಪ್ಪಗಿರಿಗೆ ಮದುವೆಗೆ ಹೋಗಿದ್ದಾಗ, ಓಡುತ್ತಿದ್ದ ಯಂತ್ರಕ್ಕೇ ಅದನ್ನು ಹೊಚ್ಚಿಟ್ಟಿದ್ದಾಳೆ. ಒಳಗೆ ಕಾದು ಕಾದು ಮದರ್‌ಬೋರ್ಡು ಸುಟ್ಟುಹೋಯಿತು.

"ಅದಕ್ಕೂ ಉಸುರು ಬೇಕಂತ ನನಗೇನ್ ಗೊತ್ತವ್ವಾ?" ಎಂದಳು. ಆ ಮುಖ ನೋಡಿ ಬೈಯುವ ಮನಸ್ಸಾಗಲಿಲ್ಲ.

ಅಪ್ಪನನ್ನು ಕರೆದುಕೊಂಡು ಆದೋನಿಗೆ ಹೋದೆ. ಅಂಗಡಿಯವನು ಎರಡು ಬೋರ್ಡು ಮುಂದಿಟ್ಟ. ಒಂದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ಅಂಚಿಗೆ ಬಣ್ಣದ ದೀಪಗಳು ಬೇರೆ. "ಇದು ತೀಸ್ಕೋ ಅಕ್ಕಾ, ಸೂಪರ್ ಐತಿ," ಎಂದ. ನನಗೆ ಬೇಕಿದ್ದದ್ದು ಕಾಟಾದ ವೈರು ಸಿಕ್ಕಿಸುವ ಜಾಗ. ನಮ್ಮ ಕಾಟಾ ಮಾತಾಡುವುದು ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ವೈರಿನಲ್ಲಿ. ಯುಎಸ್‌ಬಿಗೆ ಬದಲಿಸುವ ಕನ್ವರ್ಟರ್ ಬಳಸಿ ನೋಡಿದ್ದೆ. ಅದನ್ನು ಕಿತ್ತು ಬೇರೆ ತೂತಿಗೆ ಹಾಕಿದರೆ ಕಂಪ್ಯೂಟರಿಗೆ ಕಾಟಾ ಎಲ್ಲಿದೆಯೆಂಬುದೇ ಮರೆತುಹೋಗುತ್ತಿತ್ತು.

ದೀಪದ ಬೋರ್ಡಿನಲ್ಲಿ ಆ ಜಾಗವೇ ಇರಲಿಲ್ಲ. ಇನ್ನೊಂದು ಸಾದಾ ಬೋರ್ಡು, ನೋಡಲು ಬಡಪಾಯಿ. ಆದರೆ ಅದರ ಮೂಲೆಯಲ್ಲಿ ಸೀರಿಯಲ್ ಪಿನ್ನುಗಳಿದ್ದವು, ಹೆಚ್ಚಿಗೆ ಫ್ಯಾನು ಕೂರಿಸಲು ಎರಡು ಕಡೆ ಜಾಗವಿತ್ತು. ಸ್ಲಾಟುಗಳ ನಡುವೆ ಬ್ರಷ್ಷು ಹಾಕಿ ಅರಳೆ ತೆಗೆಯುವಷ್ಟು ಸಂದೂ ಇತ್ತು. ಮೆಮೊರಿಗೆ ಎರಡೇ ಸ್ಲಾಟು ಎಂದು ಅಂಗಡಿಯವನು ಮೂಗು ಮುರಿದ. ನಾನೇನು ಅದರಲ್ಲಿ ಸಿನಿಮಾ ತೆಗೆಯಬೇಕಿತ್ತೇ?

"ಎತ್ತು ತಗೊಳ್ಳಾಗ ಕೋಡಿನ ಬಣ್ಣ ನೋಡಂಗಿಲ್ಲ, ಹಲ್ಲು ನೋಡ್ತಾರ," ಎಂದ ಅಪ್ಪ. "ಇದರ ಹಲ್ಲು ಎಲ್ಲಿ ಅದಾವ?"

ಅವನ ಬೆರಳು ಹಿಡಿದು ಆ ಪಿನ್ನುಗಳ ಮೇಲಿಟ್ಟೆ. ಮಂಜುಗಣ್ಣಿನ ಅಪ್ಪ ಮೆಲ್ಲಗೆ ಸವರಿ ನೋಡಿ, ಸಾಕು, ಇದೇ ಇರಲಿ ಎಂದ.

ಊರಿಗೆ ತಂದು ಜೋಡಿಸಿದರೆ ಪರದೆಯ ಮೇಲೆ ಬರೀ ಸೊನ್ನೆ. ಖಾಲಿ ಟ್ರ್ಯಾಕ್ಟರೊಂದು ಕಾಟಾ ಹತ್ತಿ ನಿಂತರೂ ಸೊನ್ನೆ, ಇಳಿದರೂ ಸೊನ್ನೆ. ಸುದ್ದಿ ಕೇಳಿ ದೊಡ್ಡಪ್ಪ ಬಂದು ಹೊರಗಿನ ಕಟ್ಟೆಯ ಮೇಲೆ ಠಿಕಾಣಿ ಹೂಡಿದ. ನಾನು ಬೋರ್ಡಿನ ಜೊತೆ ಬಂದ ಪುಸ್ತಕದ ಚಿತ್ರ ಮುಂದಿಟ್ಟುಕೊಂಡು ಪಿನ್ನಿಗೊಂದು ವೈರು ಎಂದು ಹೊಂದಿಸಿ ನೋಡಿದೆ. ಬೋರ್ಡು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಪಿನ್ನಿಂದ ಕಂಪ್ಯೂಟರಿನ ಹಿಂಬದಿಗೆ ಎಳೆಯುವ ತುಂಡು ವೈರಿನಲ್ಲಿ; ಅಂಗಡಿಯವನು ಬೇರೆ ಜೋಡಣೆಯದನ್ನು ಕೊಟ್ಟಿದ್ದ. ಮರುದಿನ ಮೊದಲ ಬಸ್ಸಿಗೆ ಆದೋನಿಗೆ ಹೋಗಿ ಅದನ್ನು ಬದಲಿಸಿ ತಂದೆ.

ನಾನು ವೈರು ಸಿಕ್ಕಿಸುವ ಹೊತ್ತಿಗೆ ಆ ವರ್ಷದ ಮೊದಲ ಹತ್ತಿ ಟ್ರ್ಯಾಕ್ಟರು ಕಾಟಾ ಹತ್ತಿ ನಿಂತಿತ್ತು. ಪರದೆಯ ಮೇಲೆ ಅಂಕಿಗಳು ಏರಿ, ಒಂದಿಷ್ಟು ಓಲಾಡಿ, ನಿಂತವು. ತೂಕದ ಚೀಟಿ ಹರಿದು ಡ್ರೈವರನ ಕೈಗೆ ಕೊಟ್ಟೆ. ಅಷ್ಟು ಖುಷಿ ನನಗೆ ಅದಕ್ಕೆ ಮೊದಲು ಆಗಿದ್ದು ನೆನಪಿಲ್ಲ.

ದೊಡ್ಡಪ್ಪ ಒಳಗೆ ಬಂದ. "ಒಂದು ಗಾಡಿ ತೂಗಿದ್ರ ಏನಾತು? ಏಳವ್ವ, ಇನ್ನ ಮ್ಯಾಲೆ ನಾ ಕುಂದ್ರತೀನಿ," ಎಂದ.

ಅಪ್ಪ ಬಾಗಿಲು ಹಿಡಿದು ನಿಂತಿದ್ದ. "ಆ ಕುರ್ಚಿ ಖಾಲಿ ಇಲ್ಲಣ್ಣ," ಎಂದ. "ಬಾ, ನಾವಿಬ್ರೂ ಹೊರಗ ಕುಂತು ಚಾ ಕುಡಿಯೋಣು."