ಸೆರಗಿನಲ್ಲಿ ಕಟ್ಟಿದ ಕತ್ತರಿ

ಮಗ್ಗದ ಮೇಲಿದ್ದ ಮದುವೆ ಸೀರೆಗೆ ನಮ್ಮನೆಯವರು ಕತ್ತರಿ ಹಾಕುವಷ್ಟರಲ್ಲಿ ಅತ್ತೆ ಅದರ ಮೇಲೆ ಅಂಗೈ ಊರಿದರು.

ನಮ್ಮ ಬನಹಟ್ಟಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಲಗ್ನದ ಹಂಗಾಮು. ಅತ್ತೆ ನೂಲು ಸುತ್ತಿ ಕೊಡುವುದು, ಮಗ ನೇಯುವುದು. ಇಬ್ಬರೂ ಸರಿಯಾಗಿ ಮಲಗಿ ಎಷ್ಟೋ ದಿನವಾಗಿತ್ತು. ಮರುದಿನ ಸೀರೆ ಮದುಮಗಳ ಮನೆ ಸೇರಬೇಕಿತ್ತು.

"ದಡಿ ಸೊಟ್ಟ ಆಗೇತಿ ಯವ್ವಾ. ಇಷ್ಟು ಕೊಯ್ದು ತಗದು ಮತ್ತ ನೇಯ್ತೇನಿ," ಅಂದರು ಇವರು, ಸೀರೆಯ ಅಂಚು ತೋರಿಸಿ.

"ಮಲಕ್ಕೊಂಡು ಎದ್ದು ಕೊಯ್ಯಿ. ಕೊಯ್ದದ್ದು ಮತ್ತ ಕೂಡೂದಿಲ್ಲ."

ಅತ್ತೆ ಕತ್ತರಿ ಕಸಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮಗ ಗೊಣಗುತ್ತಲೇ ಒಳಗೆ ಹೋದರು. ಅತ್ತೆಯೂ ಮಗ್ಗದ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಸಂಜೆ ಎದ್ದು ನೋಡಿದರೆ ದಡಿ ಗೆರೆ ಎಳೆದಂತೆ ನೆಟ್ಟಗಿತ್ತು. ಇವರಿಗೆ ಸಿಟ್ಟೇ ಬಂತು. "ನೆಟ್ಟಗ ಐತಿ ಅಂತ ಆಗ ಯಾಕ ಹೇಳಲಿಲ್ಲ?"

ಅತ್ತೆ ನಿಧಾನವಾಗಿ ಸೆರಗಿನ ಗಂಟು ಬಿಚ್ಚಿದರು. "ನಿದ್ದಿಗೆಟ್ಟ ನನ್ನ ಕಣ್ಣಿಗೂ ಸೊಟ್ಟನ ಕಂಡಿತ್ತೋ ತಮ್ಮಾ. ಅದಕ್ಕ ಕತ್ತರಿ ಕಸಗೊಂಡೆ."

ಅತ್ತೆ ಈಗಿಲ್ಲ. ಮೈ ದಣಿದ ದಿನ ಮನೆಯಲ್ಲಿ ಯಾರಾದರೂ ನನ್ನ ಕಣ್ಣಿಗೆ ಸೊಟ್ಟ ಕಂಡರೆ, ನಾನು ಬಾಯಿ ತೆರೆಯುವುದಿಲ್ಲ, ಮೊದಲು ಹಾಸಿಗೆ ಹಾಸಿ ಮಲಗುತ್ತೇನೆ.